ಹಗುರ ಬ್ಲಾಕಿನ ಗೋಡೆ ಭಾರದ ಕಪಾಟನ್ನು ಹೊರುತ್ತದೆಯೇ?

"ಎಎಸಿ ಬ್ಲಾಕಿನ ಗೋಡೆಗೆ ಮೊಳೆಯೂ ನಿಲ್ಲುವುದಿಲ್ಲ" ಎನ್ನುವವರಿದ್ದಾರೆ. "ದಪ್ಪ ಬೋಲ್ಟ್ ಹೊಡೆದರೆ ಯಾವ ಗೋಡೆಯಾದರೂ ಹಿಡಿಯುತ್ತದೆ" ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ. ಅಡುಗೆಮನೆಯ ಕಪಾಟು ಕಳಚಿದರೆ ಬೀಳುವುದು ಕೆಳಗೆ ನಿಂತವರ ತಲೆಯ ಮೇಲೆ. ಆದ್ದರಿಂದ ಈ ಮಾತುಗಳನ್ನು ಫಾರ್ವರ್ಡ್ ಮಾಡುವ ಮುನ್ನ ಗೋಡೆಯೊಳಗೆ ಏನಿದೆ ಎಂದು ನೋಡೋಣ.

ಬದಲಾದದ್ದು ಗೋಡೆ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಬಯಲುಸೀಮೆಯ ಊರುಗಳಲ್ಲಿ ಕಲ್ಲು-ಮಣ್ಣಿನ ಹಳೆಯ ಮನೆಗಳ ಗೋಡೆ ದಪ್ಪ. ಅದರಲ್ಲೇ ಗೂಡು ಬಿಟ್ಟು ಸಾಮಾನು ಇಡುತ್ತಿದ್ದರು. ಭಾರ ಗೋಡೆಯ ಮೇಲೆ ಕೂರುತ್ತಿತ್ತು, ತೂಗುತ್ತಿರಲಿಲ್ಲ. ಹೊಸ ಮನೆಗಳ ಗೋಡೆ ತೆಳು, ಅದಕ್ಕೆ ನೇತುಹಾಕುವ ಕಪಾಟು ಭಾರ.

ಎಎಸಿ ಬ್ಲಾಕ್ 1920ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡದ್ದು. ಸಿಮೆಂಟ್, ಸುಣ್ಣ, ಹಾರುಬೂದಿಯ ಮಿಶ್ರಣಕ್ಕೆ ಅಲ್ಯೂಮಿನಿಯಂ ಪುಡಿ ಸೇರಿಸಿದರೆ ಹೈಡ್ರೋಜನ್ ಅನಿಲ ಹುಟ್ಟಿ, ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಆಮೇಲೆ ಒತ್ತಡದ ಹಬೆಯಲ್ಲಿ ಗಟ್ಟಿಯಾಗಿಸುತ್ತಾರೆ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2400 ಕೆ.ಜಿ. ತೂಗಿದರೆ, ಸಾಮಾನ್ಯ ಎಎಸಿ 550ರಿಂದ 650 ಕೆ.ಜಿ. ಉಳಿದ ಜಾಗವೆಲ್ಲ ಗಾಳಿ. ಬಿಸಿಲಿನ ಕಾವು ಬೇಗ ಒಳಬರದಂತೆ ತಡೆಯುವುದೂ ಆ ಗಾಳಿಯೇ, ಸ್ಕ್ರೂವಿನ ಹಿಡಿತವನ್ನು ಕಡಿಮೆ ಮಾಡುವುದೂ ಅದೇ.

ದಪ್ಪ ಬೋಲ್ಟ್ ಏಕೆ ಸೋಲುತ್ತದೆ?

ಬಿಗಿದಾಗ ಅಗಲವಾಗುವ ಕಬ್ಬಿಣದ ಆಂಕರ್ ಬೋಲ್ಟ್ ರಂಧ್ರದ ಅಂಚನ್ನು ಒತ್ತಿ ಹಿಡಿಯುತ್ತದೆ. ಕಾಂಕ್ರೀಟ್ ಆ ಒತ್ತಡ ತಾಳುತ್ತದೆ. ಎಎಸಿಯಲ್ಲಿ ಗಾಳಿಗುಳ್ಳೆಗಳು ಪುಡಿಯಾಗಿ ರಂಧ್ರವೇ ಸಡಿಲವಾಗುತ್ತದೆ. ಹಾಲೋ ಬ್ಲಾಕಿನಲ್ಲಾದರೆ ಬೋಲ್ಟಿನ ತುದಿ ಟೊಳ್ಳಿನಲ್ಲಿ ನಿಲ್ಲಬಹುದು.

ಇನ್ನೊಂದು ಲೆಕ್ಕವೂ ಇದೆ. ಸಾಮಾನು ಸೇರಿ 60 ಕೆ.ಜಿ. ತೂಗುವ, 60 ಸೆಂ.ಮೀ. ಎತ್ತರದ, 30 ಸೆಂ.ಮೀ. ಆಳದ ಕಪಾಟು ಕೆಳಕ್ಕೆ ಜಗ್ಗುವುದಷ್ಟೇ ಅಲ್ಲ, ಮೇಲಿನ ಸ್ಕ್ರೂಗಳನ್ನು ಸುಮಾರು 15 ಕೆ.ಜಿ.ಯಷ್ಟು ಹೊರಕ್ಕೂ ಎಳೆಯುತ್ತದೆ. ಅದೇ ತೂಕಕ್ಕೆ ಆಳ ಎರಡರಷ್ಟಾದರೆ ಈ ಎಳೆತವೂ ಎರಡರಷ್ಟಾಗುತ್ತದೆ.

ಗೋಡೆಯನ್ನು ಗುರುತಿಸುವುದು ಹೇಗೆ?

ಡ್ರಿಲ್ ಮಾಡಿದಾಗ ಪ್ಲಾಸ್ಟರಿಂಗ್ ದಾಟಿದ ಮೇಲೆ ಉದುರುವ ಪುಡಿ ನೋಡಿ. ಕೆಂಪಗಿದ್ದರೆ ಇಟ್ಟಿಗೆ. ಬಿಳಿಬೂದು ಪುಡಿ ಉದುರುತ್ತ ಡ್ರಿಲ್ ಸಲೀಸಾಗಿ ಒಳಹೋದರೆ ಎಎಸಿ. ತಟ್ಟನೆ ಒಳಕ್ಕೆ ಜಾರಿದರೆ ಟೊಳ್ಳು. ಬಹಳ ಗಟ್ಟಿಯಾಗಿದ್ದರೆ ಕಾಂಕ್ರೀಟ್ ಇರಬಹುದು.

ಹಾಗಾದರೆ ಏನು ಮಾಡಬೇಕು?

- ಎಎಸಿಯಲ್ಲಿ ಹ್ಯಾಮರ್ ಮೋಡ್ ಆಫ್ ಮಾಡಿ ಡ್ರಿಲ್ ಮಾಡಿ. ಅದಕ್ಕೆಂದೇ ತಯಾರಾದ ಉದ್ದನೆಯ ನೈಲಾನ್ ಪ್ಲಗ್ ಅಥವಾ ಕೆಮಿಕಲ್ ಆಂಕರ್ ಬಳಸಿ. ಹಿಡಿತ ಬ್ಲಾಕಿನಲ್ಲಿರಬೇಕು, ಪ್ಲಾಸ್ಟರಿಂಗಿನಲ್ಲಲ್ಲ.
- ಪೊಟ್ಟಣದ ಮೇಲೆ ನಮೂದಿಸಿದ ಭಾರ ಯಾವ ಬಗೆಯ ಗೋಡೆಗೆ ಎಂದು ಓದಿ. ಕಾಂಕ್ರೀಟಿನ ಅಂಕಿ ಎಎಸಿಗೆ ಅನ್ವಯಿಸದು.
- ತುಂಬಾ ಭಾರವಿದ್ದರೆ ಗೋಡೆಯ ಆಚೆಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಆರುಪಾರು ಬೋಲ್ಟ್ ಹಾಕಿಸಿ. ಇಲ್ಲವೇ ಕಪಾಟಿಗೆ ಕಾಲು ಕೊಟ್ಟು ಭಾರವನ್ನು ನೆಲಕ್ಕೆ ಇಳಿಸಿ. ಆಗ ಗೋಡೆ ಕಪಾಟು ಮುಂದಕ್ಕೆ ವಾಲದಂತೆ ಹಿಡಿದರೆ ಸಾಕು.
- ಸ್ವಿಚ್ ಬೋರ್ಡ್, ನಲ್ಲಿಗಳ ನೇರಕ್ಕೆ ಡ್ರಿಲ್ ಮಾಡಬೇಡಿ. ಒಳಗೆ ವೈರ್, ಪೈಪ್ ಇರುತ್ತವೆ.

ಮನೆ ಇನ್ನೂ ಕಟ್ಟುತ್ತಿದ್ದರೆ ಉಪಾಯ ಇನ್ನೂ ಸುಲಭ. ಕಪಾಟು ಎಲ್ಲಿ ಬರುತ್ತದೆ ಎಂದು ಮೇಸ್ತ್ರಿಗೆ ಮೊದಲೇ ಹೇಳಿ, ಆ ಎತ್ತರದಲ್ಲಿ ಕಾಂಕ್ರೀಟ್ ಪಟ್ಟಿ ಹಾಕಿಸಿ. ಹಾಲೋ ಬ್ಲಾಕಾದರೆ ಆ ಸಾಲಿನ ಟೊಳ್ಳು ತುಂಬಿಸಿ. ಪ್ಲಾಸ್ಟರಿಂಗ್‌ಗೆ ಮುನ್ನ ವೈರ್, ಪೈಪ್ ಹೋದ ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಒಟ್ಟಿನಲ್ಲಿ, ಹಗುರ ಬ್ಲಾಕಿನ ಗೋಡೆ ಕಪಾಟನ್ನು ಹೊರಬಲ್ಲದು. ಆದರೆ ಅಂಗಡಿಯಲ್ಲಿ "ದೊಡ್ಡ ಬೋಲ್ಟ್ ಕೊಡಿ" ಎಂದು ಕೇಳಿದರೆ ಸಾಲದು, ಗೋಡೆ ಯಾವುದರದ್ದು ಎಂದೂ ಹೇಳಬೇಕು.