ದಪ್ಪಗಾದರೆ ಆಗಲಿ

ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಲ್ಲಿಸಿ, ‘ಏನೇ, ಹಿಂಗ್ ಊದ್ಕಂಡಿದ್ದೀಯಲ್ಲೇ! ಶುಗರ್ ಬೇರೆ ಅಂತೀಯ, ಬಾಯಿ ಕಟ್ಟಕ್ಕಾಗಲ್ವಾ?’ ಅಂದಳು. ಅವಳಿಗೆ ಕೊಡಲು ನನ್ನ ಬಳಿ ಉತ್ತರವಿತ್ತು. ‘ಏಳು ತಿಂಗಳ ಹಿಂದೆ ಸಿಗರೇಟು ಬಿಟ್ಟೆ ಚಿಕ್ಕಮ್ಮ, ಅದಕ್ಕೇ.’ ಆದರೆ ಬಿಟ್ಟೆ ಅನ್ನಬೇಕಾದರೆ ಮೊದಲು ಸೇದುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕಲ್ಲ. ಕಜ್ಜಾಯ ಬೇಡ ಎಂದಷ್ಟೇ ಹೇಳಿ ಒಳಗೆ ಹೋದೆ.

ಸೇದುತ್ತಿದ್ದಾಗ ನಾನು ಎಲ್ಲರ ಕಣ್ಣಿಗೆ ‘ತೆಳ್ಳಗೆ ಲಕ್ಷಣವಾಗಿ’ ಇದ್ದೆ. ಬಿಟ್ಟ ಮೇಲೆ ಬಾಯಿಚಪಲದವಳಾದೆ. ಈ ಬರಹ ಆ ಲೆಕ್ಕದ ವಿರುದ್ಧ. ಹಾಗೆಯೇ ನಮ್ಮ ಡಿಪಾರ್ಟ್‌ಮೆಂಟಿನ ಹಿಂದಿನ ಟೀ ಅಂಗಡಿಯಲ್ಲಿ ನನ್ನ ಹಿರಿಯ ಸಂಶೋಧಕ ಮಿತ್ರರು ಹೇಳುವ ಒಂದು ಮಾತಿನ ವಿರುದ್ಧ. ‘ಬಿಟ್ರೆ ದಪ್ಪ ಆಗ್ತೀಯ, ದಪ್ಪ ಆದ್ರೆ ಶುಗರ್ ಏರುತ್ತೆ, ಶುಗರ್ ಇರೋರು ಬಿಡೋದೇ ಡೇಂಜರ್ ಮಾರಾಯ್ತಿ.’ ಹೀಗೆ ಹೇಳುವವರು ಗ್ರಾಂಶಿ ಓದಿದವರು. ಒಂದು ವ್ಯವಸ್ಥೆ ತನಗೆ ಬೇಕಾದ್ದನ್ನು ನಮ್ಮ ಬಾಯಿಂದಲೇ ಹೇಳಿಸುವುದು ಹೇಗೆ ಎಂದು ಸೆಮಿನಾರಿನಲ್ಲಿ ಒಂದು ಗಂಟೆ ಮಾತಾಡಬಲ್ಲವರು.

ಈ ಮಾತು ಯಾರದ್ದು ಎಂದು ನೋಡಿ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಲಕ್ಕಿ ಸ್ಟ್ರೈಕ್ ಸಿಗರೇಟಿನ ಜಾಹೀರಾತು ಹೆಂಗಸರಿಗೆ ಹೇಳಿದ್ದು ಇದನ್ನೇ: ಸಿಹಿ ತಿನ್ನಬೇಕು ಅನ್ನಿಸಿದಾಗ ಅದರ ಬದಲು ನಮ್ಮದೊಂದು ಸೇದಿ. ಮಿಠಾಯಿ ಕಂಪನಿಗಳು ಅದಕ್ಕೆ ಗಲಾಟೆ ಮಾಡಿದವು. 1929ರ ಈಸ್ಟರ್ ಮೆರವಣಿಗೆಯಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಸರ ಕೈಗೆ ಸಿಗರೇಟು ಕೊಟ್ಟು ಅದನ್ನು ಸ್ವಾತಂತ್ರ್ಯದ ಪಂಜು ಎಂದು ಸುದ್ದಿಯಾಗುವಂತೆ ನೋಡಿಕೊಂಡ ಎಡ್ವರ್ಡ್ ಬರ್ನೇಸ್ ಕೂಡ ಅದೇ ಕಂಪನಿಗೆ ದುಡಿಯುತ್ತಿದ್ದವನು. ಎಂ.ಎ. ಮೊದಲ ವರ್ಷದಲ್ಲಿ ನಾನು ಮೊದಲ ದಮ್ಮು ಎಳೆದಾಗ ನನಗೂ ಅದು ಸ್ವಾತಂತ್ರ್ಯವೇ ಅನ್ನಿಸಿತ್ತು. ನನ್ನ ಸ್ವಂತ ಬಂಡಾಯ ಅಂದುಕೊಂಡಿದ್ದನ್ನು ಯಾರೋ ತೊಂಬತ್ತು ವರ್ಷ ಹಿಂದೆಯೇ ಸಂಬಳ ತೆಗೆದುಕೊಂಡು ಬರೆದಿಟ್ಟಿದ್ದರು.

(ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮದು ಹುಣಸೂರು ಕಡೆಯ ಊರು. ನನ್ನ ಕಾಲೇಜಿನ ಫೀಸು ಬಂದದ್ದು ಹೊಗೆಸೊಪ್ಪಿನ ಹರಾಜಿನ ದುಡ್ಡಿನಿಂದ. ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಸೌದೆ ತಳ್ಳುತ್ತಾ ಕೂತ ಅಪ್ಪನನ್ನು ನೋಡಿ ಬೆಳೆದವಳು ನಾನು. ಹಾಗಾಗಿ ಈ ವಿಷಯದಲ್ಲಿ ನನಗೆ ಪರಿಶುದ್ಧಳ ಪಟ್ಟ ಬೇಡ.)

ಟೀ ಅಂಗಡಿಯ ಮಾತು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಅದು ಕೆಲಸ ಮಾಡುತ್ತದೆ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ಮೈ ಶಕ್ತಿ ಸುಡುವ ವೇಗವನ್ನು ಸ್ವಲ್ಪ ಏರಿಸುತ್ತದೆ. ಬಿಟ್ಟವರು ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುತ್ತಾರೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ. ಸಕ್ಕರೆಯೂ ಕೊಂಚ ಏರಬಹುದು. ಟೈಪ್ 2 ಡಯಾಬಿಟಿಸ್ ಇದ್ದು ಸೇದುತ್ತಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿ 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದಿದೆ. ಬಿಟ್ಟವರ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, ಮೊದಲ ವರ್ಷದಲ್ಲಿ 0.21ರಷ್ಟು ಏರಿತ್ತು. ಮೂರು ವರ್ಷದ ಹೊತ್ತಿಗೆ ಆ ವ್ಯತ್ಯಾಸ ಕರಗಿತ್ತು. ನನ್ನ ಮಿತ್ರರಿಗೆ ಗೊತ್ತಿರುವುದು ಮೊದಲರ್ಧ ಮಾತ್ರ.

ಎರಡನೆಯ ಅರ್ಧ ಇದು. ಸಿಗರೇಟೇ ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಸೇದುವವರಿಗೆ ಟೈಪ್ 2 ಬರುವ ಸಂಭವ ಸೇದದವರಿಗಿಂತ ಶೇಕಡಾ 30ರಿಂದ 40 ಹೆಚ್ಚು ಎಂದು ಅಮೆರಿಕದ ಸರ್ಜನ್ ಜನರಲ್ 2014ರ ವರದಿ ಹೇಳುತ್ತದೆ. ಸೇದುವವರು ತೆಳ್ಳಗಿದ್ದರೂ ಕೊಬ್ಬು ಹೊಟ್ಟೆಯ ಸುತ್ತ ಕೂರುತ್ತದೆ. ತೂಕದ ಯಂತ್ರ ಅದನ್ನು ತೋರಿಸುವುದಿಲ್ಲ, ಟೇಪು ತೋರಿಸುತ್ತದೆ. ಸಕ್ಕರೆ ರಕ್ತನಾಳಗಳನ್ನು ಒಂದು ಕಡೆಯಿಂದ ತಿನ್ನುತ್ತಿದ್ದರೆ ಹೊಗೆ ಇನ್ನೊಂದು ಕಡೆಯಿಂದ. ಹೃದಯ, ಮೂತ್ರಪಿಂಡ, ಕಾಲು. ನಮ್ಮ ದೊಡ್ಡಪ್ಪನ ಎಡಗಾಲಿನ ಎರಡು ಬೆರಳು ಹೋದದ್ದು ಹೀಗೆ. ಆಸ್ಪತ್ರೆಯಿಂದ ಬಂದ ದಿನ ಕೂಡ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ ದೊಡ್ಡಪ್ಪ ಯಾವತ್ತೂ ದಪ್ಪಗಿರಲಿಲ್ಲ.

2018ರಲ್ಲಿ ಅಮೆರಿಕದ ಆರೋಗ್ಯ ವೃತ್ತಿಯವರನ್ನು ಕುರಿತ ದೊಡ್ಡ ಅಧ್ಯಯನವೊಂದು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಬಿಟ್ಟು ತೂಕ ಏರಿಸಿಕೊಂಡವರಿಗೆ ಡಯಾಬಿಟಿಸ್ ಬರುವ ಸಂಭವ ಕೆಲವು ವರ್ಷ ಹೆಚ್ಚಿತ್ತು, ನಿಜ. ಆದರೆ ಸಾವಿನ ಲೆಕ್ಕದಲ್ಲಿ, ಎಷ್ಟೇ ಕಿಲೋ ಏರಿದ್ದರೂ, ಬಿಟ್ಟವರು ಸೇದುತ್ತಲೇ ಉಳಿದವರಿಗಿಂತ ಮುಂದಿದ್ದರು. ನಾಲ್ಕು ಕಿಲೋವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಆಯಸ್ಸನ್ನಿಟ್ಟು, ‘ನೋಡು, ಸಮ ಇದೆ’ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಸಮ ಇಲ್ಲ.

ಇನ್ನು ಡಾಕ್ಟರ ವಿಷಯ. ಇಪ್ಪತ್ತಾರಕ್ಕೆ ನನಗೆ ಶುಗರ್ ಪತ್ತೆಯಾಯಿತು, ಎಚ್‌ಬಿಎ1ಸಿ 8.4. ಅಮ್ಮನಿಗಿದೆ, ಅಜ್ಜಿಗಿತ್ತು, ಆಶ್ಚರ್ಯವೇನಿಲ್ಲ. 2023ರಲ್ಲಿ ಐಸಿಎಂಆರ್ ಅಧ್ಯಯನ ಹೇಳಿದ ಹತ್ತು ಕೋಟಿಗೂ ಮೀರಿದ ಭಾರತೀಯರ ಸಾಲಿಗೆ ನಾನೂ ಸೇರಿದೆ. ಡಾಕ್ಟರು ಫಾರಂ ತುಂಬುತ್ತಾ ಊಟ ಕೇಳಿದರು, ನಿದ್ದೆ ಕೇಳಿದರು, ಮುಟ್ಟು ಕೇಳಿದರು. ‘ಧೂಮಪಾನ’ ಎಂಬ ಸಾಲಿಗೆ ಬಂದಾಗ ಕೇಳಲೇ ಇಲ್ಲ. ನನ್ನ ಚೂಡಿದಾರವನ್ನು ನೋಡಿ ‘ಇಲ್ಲ’ ಎಂದು ಬರೆದುಕೊಂಡರು. ನಾನೂ ಸುಮ್ಮನಿದ್ದೆ. ಪಕ್ಕದಲ್ಲಿ ಅಮ್ಮ ಕೂತಿದ್ದಳು.

ಆ ಒಂದು ‘ಇಲ್ಲ’ದಿಂದ ಏನಾಯಿತು ಅಂದರೆ, ಮುಂದಿನ ಮಾರ್ಚಿನಲ್ಲಿ ನಾನೊಬ್ಬಳೇ ನಿರ್ಧರಿಸಿ ಬಿಟ್ಟಾಗ ಯಾರೂ ಏನೂ ಹೇಳಿಕೊಡಲಿಲ್ಲ. ಮೊದಲ ವಾರ ಕೈ ನಡುಗುತ್ತಿತ್ತು, ಬೆವರುತ್ತಿತ್ತು, ವಿನಾಕಾರಣ ರೂಮ್‌ಮೇಟ್ ಮೇಲೆ ರೇಗುತ್ತಿದ್ದೆ, ಹೊಟ್ಟೆ ಬಗೆಯುವ ಹಸಿವು. ಸಕ್ಕರೆ ಕಡಿಮೆಯಾಗಿದೆ ಅಂದುಕೊಂಡು ಗ್ಲೂಕೋಸ್ ಬಿಸ್ಕತ್ತು ತಿಂದೆ, ಪ್ಯಾಕೆಟ್ಟುಗಟ್ಟಲೆ. ನಾನು ತೆಗೆದುಕೊಳ್ಳುತ್ತಿದ್ದದ್ದು ಮೆಟ್‌ಫಾರ್ಮಿನ್ ಒಂದೇ. ಅದೊಂದರಿಂದಲೇ ಸಕ್ಕರೆ ಅಪಾಯಕ್ಕಿಳಿಯುವುದು ಬಹಳ ಅಪರೂಪ. ಅದು ನಿಕೋಟಿನ್ ಬೇಡಿಕೆ. ಎರಡರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ ಥರ, ಬೆರಳು ಚುಚ್ಚಿ ನೋಡದೆ ಗೊತ್ತಾಗುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ನಿಜವಾಗಿಯೂ ಇಳಿಯಬಹುದು, ಅವರು ಬಿಡುವ ಮೊದಲೇ ಡಾಕ್ಟರಿಗೆ ಹೇಳಿ ಡೋಸು ನೋಡಿಸಿಕೊಳ್ಳಬೇಕು. ಇದನ್ನು ಹೇಳಲು ಎರಡು ನಿಮಿಷ ಸಾಕಾಗಿತ್ತು.

ನಾಲ್ಕು ತಿಂಗಳಿಗೆ 58 ಇದ್ದವಳು 63 ಆದೆ. ಎಚ್‌ಬಿಎ1ಸಿ 7.3ರಿಂದ 7.6. ‘ಏನಮ್ಮ, ವಿದ್ಯಾವಂತರು ನೀವೇ ಹೀಗೆ ಮಾಡಿದ್ರೆ? ಮೊದಲು ತೂಕ ಇಳಿಸಿ’ ಎಂದರು ಡಾಕ್ಟರು. ಅವತ್ತು ಸಂಜೆ ಟೀ ಅಂಗಡಿಗೆ ಹೋಗಿ ಒಂದು ಸೇದಿದೆ. ಮರುದಿನ ಮೂರು. ರುಚಿಗಲ್ಲ, ಟೆನ್ಷನ್ನಿಗಲ್ಲ, ಚೂಡಿದಾರ ಬಿಗಿಯಾಗುತ್ತಿದೆ ಎಂದು. ಲಕ್ಕಿ ಸ್ಟ್ರೈಕಿನವನು ಗೆದ್ದ.

ಒಂಬತ್ತು ದಿನ ಗೆದ್ದ. ಆಮೇಲೆ 1800-11-2356ಕ್ಕೆ ಫೋನ್ ಮಾಡಿದೆ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ ನಂಬರು, ಅಷ್ಟು ವರ್ಷ ನೋಡಿಯೂ ಓದಿರಲಿಲ್ಲ. ಕನ್ನಡದಲ್ಲೇ ಮಾತಾಡಿದ ಆ ಹೆಣ್ಣು ದನಿ ಕೇಳಿದ ಮೊದಲ ಪ್ರಶ್ನೆ ‘ದಿನದ ಮೊದಲನೇದು ಎದ್ದು ಎಷ್ಟು ಹೊತ್ತಿಗೆ ಸೇದ್ತಿದ್ರಿ?’ ಎಂಬುದು. ಯಾಕೆ ಸೇದ್ತಿದ್ರಿ ಎಂದು ಕೇಳಲಿಲ್ಲ. ಆ ಕೃತಜ್ಞತೆ ಇನ್ನೂ ಇದೆ.

ಎರಡನ್ನೂ ಒಟ್ಟಿಗೆ ಮಾಡಿ ಎನ್ನುವವರು ಒಮ್ಮೆ ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಮಾಡಲಿ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಸಾರು, ಭಾನುವಾರ ಪಲಾವು. ನಾನು ಮಾಡಿದ್ದು ಸಣ್ಣದು. ಮೊದಲ ಮೂರು ತಿಂಗಳು ತೂಕ ಇಳಿಸುವ ಮಾತೇ ಬೇಡ, ಏರುವುದು ನಿಧಾನವಾದರೆ ಸಾಕು ಅಂದುಕೊಂಡೆ. ಹಸಿದ ಹೊಟ್ಟೆ ಮತ್ತು ನಿಕೋಟಿನ್ ಬೇಡಿಕೆ ಎರಡನ್ನೂ ಒಂದೇ ಮಧ್ಯಾಹ್ನ ಗೆಲ್ಲುವಷ್ಟು ಶಕ್ತಿ ನನಗಿರಲಿಲ್ಲ. ಟೀಗೆ ಸಕ್ಕರೆ ನಿಂತಿತು, ಬಿಸ್ಕತ್ತಿನ ಜಾಗಕ್ಕೆ ಹುರಿಗಡಲೆ ಬಂತು. ಒಂದು ತಟ್ಟೆ ಅನ್ನ ಅರ್ಧವಾಗಿ, ಪಲ್ಯ ಎರಡು ಸೌಟಾಯಿತು (ಮೆಸ್ಸಿನ ಅಣ್ಣ ಮೊದಲು ಗೊಣಗಿದ, ಆಮೇಲೆ ಕೇಳದೆಯೇ ಹಾಕತೊಡಗಿದ). ಊರಿಗೆ ಹೋದಾಗ ‘ರಾಗಿ ಅಲ್ವಾ, ಎಷ್ಟಾದ್ರೂ ತಿನ್ನು’ ಎಂದು ಅಮ್ಮ ಇಡುವ ಎರಡನೇ ಮುದ್ದೆಗೆ ಕೈ ಅಡ್ಡ ಹಿಡಿದೆ. ರಾಗಿಯಲ್ಲೂ ಇರುವುದು ಪಿಷ್ಟವೇ. ಊಟವಾದ ಮೇಲೆ, ಮುಂಚೆ ಸೇದುತ್ತಿದ್ದ ಅದೇ ಹೊತ್ತಿಗೆ, ಲೈಬ್ರರಿ ಸುತ್ತ ಎರಡು ಸುತ್ತು. ನಿಕೋಟಿನ್ ಗಮ್ ಎರಡು ತಿಂಗಳು ಜಗಿದೆ, ಅದು ಹಸಿವಿಗೂ ಸ್ವಲ್ಪ ಕಡಿವಾಣ ಹಾಕಿತು.

ಇನ್ನು ಸಾಹಿತ್ಯದವರ ಹೊಗೆಯ ಬಗ್ಗೆ ಒಂದು ಮಾತು ಆಡದೆ ಹೇಗೆ ಬಿಡಲಿ. ನನ್ನ ಪಿಎಚ್.ಡಿ. ನವ್ಯ ಕತೆಗಳ ಮೇಲೆ. ಕೋಣೆ, ಮಳೆ, ಏಕಾಂತ, ಬೆರಳ ಸಂದಿಯಲ್ಲಿ ಉರಿಯುವ ಸಿಗರೇಟು: ಈ ಚಿತ್ರವನ್ನು ನಾವು ಎಷ್ಟು ಪ್ರೀತಿಸಿದ್ದೇವೆಂದರೆ ಹೊಗೆಯಿಲ್ಲದೆ ಚಿಂತನೆಯೇ ಇಲ್ಲ ಎನ್ನುವಷ್ಟು. ಬಿಟ್ಟ ಆರು ವಾರ ನನ್ನಿಂದ ಒಂದು ಪ್ಯಾರಾ ಬರೆಯಲಾಗಲಿಲ್ಲ, ನಿಜ. ಏಳನೇ ವಾರ ಆಯಿತು. ಸಿಗರೇಟು ಗಮನ ಕೊಡುತ್ತಿರಲಿಲ್ಲ. ಹಿಂದಿನ ಸಿಗರೇಟು ಕದ್ದ ಗಮನವನ್ನು ಮುಂದಿನದು ಹಿಂತಿರುಗಿಸುತ್ತಿತ್ತು, ಬಡ್ಡಿ ಹಿಡಿದುಕೊಂಡು. ತೀರಿಹೋದ ಲೇಖಕರ ಸಿಗರೇಟಿನ ಫೋಟೋ ಹಾಕಿ ‘ಲೆಜೆಂಡ್’ ಎಂದು ಬರೆಯುವವರೇ, ಅವರು ಯಾವ ಕಾಯಿಲೆಯಿಂದ ಹೋದರು ಎಂಬುದನ್ನೂ ಒಂದು ಸಾಲು ಬರೆಯಿರಿ.

ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ 2004ರ ವರದಿಯ ಪ್ರಕಾರ, ಜೀವನವಿಡೀ ಸೇದಿದವರು ಸರಾಸರಿ ಹತ್ತು ವರ್ಷ ಕಳೆದುಕೊಳ್ಳುತ್ತಾರೆ. ಮೂವತ್ತಕ್ಕೆ ಬಿಟ್ಟವರಿಗೆ ಆ ಹತ್ತೂ ಹೆಚ್ಚುಕಡಿಮೆ ಉಳಿಯುತ್ತವೆ, ಐವತ್ತಕ್ಕೆ ಬಿಟ್ಟವರಿಗೆ ಆರು. ಟೀ ಅಂಗಡಿಯ ಬೆಂಚಿನ ಮೇಲಿರುವ ನಾವೆಲ್ಲ ಮೂವತ್ತರ ಆಸುಪಾಸಿನವರು.

ಹೋದ ತಿಂಗಳು ಮತ್ತೆ ತೋರಿಸಲು ಹೋಗಿದ್ದೆ. 62 ಕಿಲೋ, 6.9. ಡಾಕ್ಟರು ‘ಗುಡ್, ಇನ್ನೂ ನಾಲ್ಕು ಕಿಲೋ ಇಳೀಬೇಕು’ ಎಂದು ಫಾರಂ ಮಡಚತೊಡಗಿದರು. ಈ ಸಲವೂ ಅಮ್ಮ ಪಕ್ಕದಲ್ಲೇ ಕೂತಿದ್ದಳು.

‘ಸಾರ್, ಅಲ್ಲಿ ಧೂಮಪಾನ ಇಲ್ಲ ಅಂತ ಬರ್ಕೊಂಡಿದ್ದೀರ. ಅದನ್ನ ತಿದ್ದಿ. ಐದು ವರ್ಷ ಸೇದಿದ್ದೀನಿ. ಬಿಟ್ಟು ಹದಿನಾಲ್ಕು ತಿಂಗಳಾಯ್ತು.’

ಅವರು ಅಮ್ಮನ ಮುಖ ನೋಡಿದರು. ಅಮ್ಮ ನನ್ನನ್ನು ನೋಡಲಿಲ್ಲ, ತೂಕದ ಯಂತ್ರದ ಕಡೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ‘ಅದಕ್ಕಾ ಮಗ ನೀನು ದಪ್ಪ ಆಗಿದ್ದು?’ ಅಂದಳು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, ‘ದಿನಕ್ಕೆ ಎಷ್ಟು?’ ಎಂದು ಕೇಳಿದರು.