ಐದು ದಿನದ ದುಬೈ, ಐದು ವರ್ಷದ ಸಾಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಮೊಹಲ್ಲಾಗಳಲ್ಲಿ ಲಗ್ನದ ಮಾತು ಶುರುವಾದರೆ ಈಗ ಹೊಸದೊಂದು ಪ್ರಶ್ನೆ ಕೇಳಿಬರುತ್ತದೆ: ‘ಬಟ್ಟೆ-ಬಂಗಾರ ಇಲ್ಲಿಯದೋ, ದುಬೈದೋ?’ ಕೇಳುವವರು ನಗುತ್ತಲೇ ಕೇಳುತ್ತಾರೆ. ಉತ್ತರ ಹೇಳಬೇಕಾದ ಹೆಣ್ಣಿನ ತಂದೆಗೆ ಮಾತ್ರ ನಗು ಬರುವುದಿಲ್ಲ.

ಈ ಪ್ರಶ್ನೆ ಹುಟ್ಟಿಸಿದವರಲ್ಲಿ ನಾವೂ ಇದ್ದೇವೆ. ನಾಲ್ವರು ಗೆಳೆಯರು ಸೇರಿ ಐದು ದಿನಕ್ಕೆಂದು ಹೋಗಿ ಬಂದೆವು. ಬೆಂಗಳೂರಿಗೆ ರಾತ್ರಿ ಬಸ್ಸು, ಅಲ್ಲಿಂದ ವಿಮಾನ. ಡೇರಾದ ಚಿನ್ನದ ಬಜಾರು, ಬರ್ ದುಬೈಯ ಮೀನಾ ಬಜಾರ್, ಡ್ರ್ಯಾಗನ್ ಮಾರ್ಟ್. ಹೋಗುವಾಗ ಒಂದೊಂದು ಸೂಟ್‌ಕೇಸ್, ಬರುವಾಗ ಎರಡೆರಡು. ಊರಿಗೆ ಬಂದು ಬಿಚ್ಚಿದ ಮೇಲೆ ಚೀಟಿಗಳನ್ನು ಓದಿದೆವು. ಕಂಬಳಿ ಚೀನಾದ್ದು, ಆಟಿಕೆ ಚೀನಾದ್ದು. ಸೀರೆ ಮತ್ತು ಚೂಡಿದಾರ್ ಬಟ್ಟೆ? ಸೂರತ್ತಿನದು! ಭಾರತದ ಬಟ್ಟೆಯನ್ನು ಸಮುದ್ರದಾಚೆ ಕೊಂಡು, ಹೊತ್ತು ತಂದು, ‘ಫಾರಿನ್’ ಎಂದು ಹಂಚಿದೆವು. ಅದೇ ವಾರ ರಬಕವಿಯಲ್ಲಿ ಮಗ್ಗಗಳ ಮುಂದೆ ಮಾರಾಟವಾಗದ ಸೀರೆಗಳ ಗಂಟು ಬಿದ್ದಿತ್ತು.

ಬಂಗಾರವಾದರೂ ಅಗ್ಗವಲ್ಲವೇ ಎನ್ನುವವರಿದ್ದಾರೆ. ಲೆಕ್ಕ ಹಾಕೋಣ. 2024ರ ಜುಲೈಯಲ್ಲಿ ಕೇಂದ್ರ ಸರಕಾರ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದಾಗ ಬೆಲೆಯ ಅಂತರ ಬಹುಪಾಲು ಕರಗಿತು. ಇನ್ನು ಸುಂಕವಿಲ್ಲದೆ ಒಡವೆ ತರುವ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಮರಳುವವರಿಗೆ: ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ. ಐದು ದಿನದ ಪ್ರವಾಸಿಗೆ ಆ ರಿಯಾಯಿತಿ ಇಲ್ಲ. ಸುಂಕ ಕಟ್ಟಿದರೆ ಲಾಭವಿಲ್ಲ. ಕಟ್ಟದೆ ಅಡಗಿಸಿ ತಂದರೆ ಅದನ್ನು ಜಾಣತನವೆಂದು ಕರೆಯುತ್ತೇವೆ. ಅದರ ನಿಜವಾದ ಹೆಸರು ಕಳ್ಳತನ. ಐದು ಹೊತ್ತು ನಮಾಝ್ ಮಾಡುವವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೇವೆ. ಕೇಳಿ ಸುಮ್ಮನಿದ್ದೆವು. ಅದೂ ನಮ್ಮ ತಪ್ಪೇ.

‘ನಮ್ಮ ದುಡ್ಡು, ನಮ್ಮ ಇಷ್ಟ’ ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. ದುಡ್ಡು ನಿಮ್ಮದು, ಒಪ್ಪಿದೆವು. ಆದರೆ ನೀವು ನಿಲ್ಲಿಸಿ ಹೋದ ಅಳತೆಗೋಲು ಊರಿಗೆಲ್ಲ ಸೇರಿದ್ದು. ಜಮಖಂಡಿಯ ವ್ಯಾಪಾರಿಗೆ ಅದು ಒಂದು ತಿಂಗಳ ಲಾಭ. ಮುಧೋಳದ ಕಬ್ಬಿನ ರೈತನಿಗೆ ಒಂದು ವರ್ಷದ ಬಿಲ್ಲು. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಬೀಳಗಿಯವನಿಗೆ ಪರಿಹಾರದಲ್ಲಿ ಉಳಿದ ಕೊನೆಯ ಗಂಟು. ಬನಹಟ್ಟಿಯಲ್ಲಿ ಮಾಲೀಕ ಕೊಟ್ಟ ನೂಲಿಗೆ ಕೂಲಿ ನೇಯುವವನಿಗೆ ಐದು ವರ್ಷದ ಸಾಲ. ಬ್ಯಾಂಕ್ ಸಾಲದಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಯ ಪಾಲಿಗಿಂತ ಕಡಿಮೆ ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಹಾಗಾದರೆ ಈ ನೇಕಾರ ಮಗಳ ಲಗ್ನಕ್ಕೆ ಹೋಗುವುದು ಯಾರ ಬಾಗಿಲಿಗೆ? ಬಡ್ಡಿಯವನ ಬಾಗಿಲಿಗೆ. ಬಡ್ಡಿ ಹರಾಮ್ ಎಂದು ಅವನಿಗೆ ಉಪದೇಶ ಮಾಡುವ ನಾವೇ ಅವನನ್ನು ಅಲ್ಲಿಗೆ ತಳ್ಳಿದ್ದೇವೆ. ಮಹರ್ ಕೊಡಬೇಕಾದವನು ಗಂಡು. ಅದನ್ನು ಹೆಸರಿಗೆ ಉಳಿಸಿ, ಹೆಣ್ಣಿನ ಮನೆಯ ಮೇಲೆ ವರದಕ್ಷಿಣೆ ಹೊರಿಸಿದ್ದು ಸಾಲದೆ ಈಗ ಅದಕ್ಕೆ ವಿಮಾನದ ಟಿಕೆಟನ್ನೂ ಅಂಟಿಸಿದ್ದೇವೆ.

ನಾವು ಪ್ರವಾಸದ ವಿರೋಧಿಗಳಲ್ಲ. ಮುಸ್ಲಿಮರಷ್ಟು ಊರು ಸುತ್ತಿದವರು ಯಾರಿದ್ದಾರೆ? ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದಿಟ್ಟ. ಹೊಸ ಊರಿಗೆ ಹೋದವನು ಶಾಲೆ ಎಣಿಸಿದ! ದುಬೈಯಲ್ಲಿ ಇಂದು ಅವನ ಹೆಸರಿನಲ್ಲಿ ಒಂದು ದೊಡ್ಡ ಮಾಲ್ ಇದೆ, 2005ರಲ್ಲಿ ತೆರೆದದ್ದು. ನಾವು ನಾಲ್ವರೂ ಅಲ್ಲಿಗೆ ಹೋಗಿ ಅಂಗಡಿ ಎಣಿಸಿದೆವು. ಅದೇ ಊರಿನಲ್ಲಿ ಕಟ್ಟಡ ಕಟ್ಟುತ್ತಿರುವ ನಮ್ಮ ದೇಶದ ಕೂಲಿಗಳನ್ನು ಕಂಡು ಮಾತಾಡಿಸಬೇಕೆಂದು ಐದು ದಿನಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೋಗುವವರು ಹೋಗಲಿ, ನೋಡಲಿ, ಕಲಿಯಲಿ. ಆದರೆ ಇಸ್ರಾಫಿನ ಬಗ್ಗೆ ಜುಮಾ ದಿನ ತಲೆಯಾಡಿಸಿ, ಶನಿವಾರ ಟಿಕೆಟು ತೆಗೆಸುವ ನಾಟಕ ನಿಲ್ಲಲಿ. ನಮ್ಮ ನಾಲ್ಕೂ ಊರುಗಳ ಜಮಾಅತ್‌ಗಳು ಸೇರಿ ಒಂದು ನಿರ್ಧಾರ ಮಾಡಬಾರದೇಕೆ? ನಿಕಾಹ್‌ನಲ್ಲಿ ವಿದೇಶದ ಸಾಮಾನಿನ ಪ್ರದರ್ಶನ ಬೇಡ. ಲಗ್ನದ ಸೀರೆಗಳಲ್ಲಿ ಅರ್ಧದಷ್ಟಾದರೂ ರಬಕವಿ-ಬನಹಟ್ಟಿಯ ಮಗ್ಗದಿಂದ ಬರಲಿ. ನೇಯ್ದವನು ಹಿಂದೂವೋ ಮುಸ್ಲಿಮನೋ ಎಂದು ಕೇಳುವ ಅಗತ್ಯವಿಲ್ಲ, ಹಸಿವೆ ಇಬ್ಬರದೂ ಒಂದೇ. ಒಂದು ಪ್ರವಾಸದ ಹಣ ನೂಲಿಗೆ ಬಡ್ಡಿಯಿಲ್ಲದ ಸಾಲವಾದರೆ ಒಂದು ಮಗ್ಗ ಮತ್ತೆ ಸದ್ದು ಮಾಡುತ್ತದೆ.

ನಾವು ತಂದ ಕಂಬಳಿಗಳು ಕಪಾಟಿನಲ್ಲಿವೆ, ಇನ್ನೂ ಹೊದ್ದಿಲ್ಲ. ಬೆಳಗಾವಿಗಿಂತ ಆಚೆ ಹೋಗದ ನೆರೆಮನೆಯ ನೇಕಾರ ಮೊನ್ನೆ ಕೇಳಿದ: ‘ದುಬೈಯಲ್ಲಿ ಸೀರೆಗೆ ಏನು ರೇಟು?’ ಅವನ ಮಗಳ ಲಗ್ನ ಬರುವ ತಿಂಗಳು. ಅವನಿಗೆ ಏನು ಹೇಳಬೇಕು?