ಕಣಿಕಿ ದನಕ್ಕೆ, ಗೊಬ್ಬರ ಹೊಲಕ್ಕೆ

ಹಾಲು ಉತ್ಪಾದಕ ತಾಯಂದಿರೇ, ಅಕ್ಕ-ತಂಗಿಯರೇ,

ಪಶುವೈದ್ಯರು ಕೆಚ್ಚಲು, ಗಬ್ಬದ ಬಗ್ಗೆ ಹೇಳಬೇಕು, ಮಣ್ಣಿನ ಮಾತು ಇವರಿಗೇಕೆ ಎಂದು ನೀವು ಕೇಳಬಹುದು. ಹಲಸಂಗಿ, ಚಡಚಣ, ಇಂಡಿ ಭಾಗದಲ್ಲಿ ಆಕಳು-ಎಮ್ಮೆಗಳ ಹೊಟ್ಟೆ ತುಂಬಿಸುವುದು ಹಿಂಗಾರಿ ಜೋಳದ ಕಣಿಕಿ. ಎರೆ ಹೊಲ ಬಡವಾದರೆ ಬಣವೆ ಸಣ್ಣದಾಗುತ್ತದೆ. ಬಣವೆ ಸಣ್ಣದಾದರೆ ಬೇಸಿಗೆಯಲ್ಲಿ ಹಾಲಿನ ಕ್ಯಾನ್ ಹಗುರಾಗುತ್ತದೆ. ಮೇವಿಗೆ ಅಲೆದಾಡುವ ಪಾಳಿ ಆಗ ನಿಮ್ಮದೇ.

ನಿಮ್ಮ ಹೊಲದ ಮಣ್ಣು ಆರೋಗ್ಯ ಕಾರ್ಡ್ ತೆಗೆದು ‘ಸಾವಯವ ಇಂಗಾಲ’ ಎಂಬ ಸಾಲು ನೋಡಿ. ಶೇ. 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಸೊರಗಿದೆ ಎಂದರ್ಥ. ಕೊಳೆತ ಬೇರು, ಎಲೆ, ಸಗಣಿಯಿಂದ ಮಣ್ಣಲ್ಲಿ ಉಳಿಯುವ ಸಾರವೇ ಈ ಇಂಗಾಲ. ಇದು ಇದ್ದರೆ ಮಣ್ಣು ಹುಡಿಯಾಗಿರುತ್ತದೆ, ಮಳೆ ನೀರು ಹರಿದುಹೋಗದೆ ಒಳಗಿಳಿಯುತ್ತದೆ.

ಬೆಳೆಯ ಉಳಿಕೆಯನ್ನೆಲ್ಲ ಹೊಲದಲ್ಲೇ ಬಿಡಿ ಎಂಬ ಸಲಹೆ ಕೇಳಿರುತ್ತೀರಿ. ದನ ಕಟ್ಟಿದ ಮನೆಗೆ ಅದು ಹೊಂದುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೆ: ಕಣಿಕಿ ದನಕ್ಕೇ ಹೋಗಲಿ, ಆದರೆ ಮಣ್ಣಿನ ಪಾಲು ಮಣ್ಣಿಗೆ ಮರಳಲಿ.

100 ಕೆಜಿ ಒಣ ಕಣಿಕಿಯಲ್ಲಿ ಸುಮಾರು 40 ಕೆಜಿ ಇಂಗಾಲವಿದೆ. ದನ ತಿಂದ ಮೇಲೂ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಗಣಿಯಲ್ಲಿ ಹೊರಬರುತ್ತದೆ. ಹೊಲದ ಗಂಟಿನಲ್ಲಿ ಅರ್ಧ ಹೀಗೆ ನಿಮ್ಮ ಕೈಯಲ್ಲೇ ಇದೆ. ಅದನ್ನೆಲ್ಲ ಕುಳ್ಳು ತಟ್ಟಿದರೆ ಒಲೆಯಲ್ಲಿ ಹೊಗೆಯಾಗುತ್ತದೆ. ತಿಪ್ಪೆ ಬಿಸಿಲಲ್ಲಿ ಬಿದ್ದರೆ ಸಾರ ಗಾಳಿಗೆ, ಮಳೆಗೆ ಹೋಗುತ್ತದೆ. ನೆರಳಲ್ಲಿ ಗುಂಡಿ ತೆಗೆಯಿರಿ. ದನ ಬಿಟ್ಟ ಕಣಿಕಿ ತುಂಡನ್ನು ಕೊಟ್ಟಿಗೆಯಲ್ಲಿ ಹಾಸಿ, ಗಂಜಲ ಹೀರಿಸಿ, ಸಗಣಿ ಜೊತೆ ಗುಂಡಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿ. ನಾಲ್ಕೈದು ದನ ಇದ್ದವರಿಗೆ ಗೋಬರ್ ಗ್ಯಾಸ್ ಒಳ್ಳೆಯ ದಾರಿ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಸಾಕು. ಒಲೆಯೂ ಉರಿಯುತ್ತದೆ, ಬಗ್ಗಡ ಹೊಲಕ್ಕೂ ಸಿಗುತ್ತದೆ.

ಇನ್ನು ಹೊಲದಲ್ಲಿ ಉಳಿಯಬೇಕಾದದ್ದು. ಜೋಳವನ್ನು ಬುಡಸಮೇತ ಕಿತ್ತರೆ ಬೇರೂ ಹೊರಗೆ ಹೋಗುತ್ತದೆ. ಕುಡಗೋಲಿನಿಂದ ಕೊಯ್ದು ಬೇರು ಬಿಟ್ಟರೆ, ಅದರ ಇಂಗಾಲ ಮೇಲೆ ಬಿದ್ದ ಕಸಕ್ಕಿಂತ ಹೆಚ್ಚು ಕಾಲ ಮಣ್ಣಲ್ಲಿರುತ್ತದೆ. ತೊಗರಿಯ ಉದುರೆಲೆ ಅಲ್ಲೇ ಇರಲಿ. ಭೀಮಾ ದಂಡೆಯ ಕಬ್ಬಿನವರಂತೂ ರವದಿಗೆ ಬೆಂಕಿ ಹಚ್ಚಲೇಬಾರದು. ಎಕರೆಗೆ ಮೂರು-ನಾಲ್ಕು ಟನ್ ರವದಿ ಬರುತ್ತದೆ. ಒಣ ರವದಿ ದನಕ್ಕೆ ಒಳ್ಳೆಯ ಮೇವಲ್ಲ, ಮಣ್ಣಿಗೆ ಒಳ್ಳೆಯ ಹೊದಿಕೆ. ಸುಟ್ಟರೆ ಇಂಗಾಲದ ಜೊತೆ ಸಾರಜನಕವೂ ಹೋಗುತ್ತದೆ. ಸಾಲು ಬಿಟ್ಟು ಸಾಲಿಗೆ ಹರಡಿದರೆ ತೇವ ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ.

ಉಳುಮೆಯದೂ ಒಂದು ಮಾತು. ಟ್ರ್ಯಾಕ್ಟರ್ ನೇಗಿಲು ಆಳಕ್ಕೆ ಮಗುಚಿದಾಗ ಮಣ್ಣಿನ ಹೆಂಟೆ ಒಡೆದು, ಒಳಗೆ ಗಾಳಿ ಆಡಿ, ಸೂಕ್ಷ್ಮಜೀವಿಗಳು ಕೂಡಿಟ್ಟ ಇಂಗಾಲವನ್ನು ಬೇಗ ತಿಂದು ಮುಗಿಸುತ್ತವೆ. ಕರಿಕೆ, ಕಸದ ಕಾಟ ಇದ್ದಾಗ ರಂಟಿ ಬೇಕೇ ಬೇಕು. ಪ್ರತಿ ವರ್ಷ ಬೇಕಿಲ್ಲ. ಉಳಿದ ವರ್ಷ ಕುಂಟೆ ಹೊಡೆದು ಹರಗಿದರೆ ಸಾಕು, ಡೀಸೆಲ್ ಹಣವೂ ಉಳಿಯುತ್ತದೆ. ಆದರೆ ಉಳುಮೆ ಕಡಿಮೆ ಮಾಡಿದ ಮಾತ್ರಕ್ಕೆ ಇಂಗಾಲ ಹೆಚ್ಚುವುದಿಲ್ಲ, ಗೊಬ್ಬರ ಬೀಳಲೇಬೇಕು. ಬಿದ್ದ ಗೊಬ್ಬರದಲ್ಲೂ ಬಹುಪಾಲು ಒಂದೆರಡು ವರ್ಷದಲ್ಲಿ ಕರಗುತ್ತದೆ. ಹಾಗಾಗಿ ಇದು ವರ್ಷ ವರ್ಷ ಕಟ್ಟುವ ಕಂತು.

ಟ್ರ್ಯಾಕ್ಟರ್ ಕರೆಯುವುದು, ಬೆಂಕಿ ಹಚ್ಚುವುದು ಹೆಚ್ಚಾಗಿ ಮನೆಯ ಗಂಡಸರ ತೀರ್ಮಾನ. ಕಣಿಕಿ, ಸಗಣಿ, ತಿಪ್ಪೆಯ ದುಡಿಮೆ ನಿಮ್ಮದು. ಆದ್ದರಿಂದ ಆ ತೀರ್ಮಾನದಲ್ಲಿ ನಿಮಗೂ ಮಾತಿರಬೇಕು. ಈ ಸಲ ರಾಶಿಗೆ ಮುಂಚೆಯೇ ಮನೆಯಲ್ಲಿ ಕೇಳಿ: ಹೊಲದಿಂದ ಎಷ್ಟು ತಂದೆವು, ಎಷ್ಟು ಮರಳಿಸಿದೆವು? ಸಂಘದ ಸಭೆಯಲ್ಲೂ ಇದೇ ಲೆಕ್ಕ ಕೇಳಿ.